ಡಾನಿ ನಿಯೆಟೆಸ್

ಡಾನಿ ನಿಯೆಟೆಸ್ (ಜನನ: 12 ಮೇ 1982) ಫಿಲಿಪ್ಪೀನ್ಸ್‌ನ ವೃತ್ತಿಪರ ಬಾಕ್ಸರ್. ಬಾಕ್ಸಿಂಗ್‌ನ ಅತಿ ಹಗುರ ತೂಕವಿಭಾಗಗಳಾದ ಮಿನಿಮಮ್‌ವೇಟ್, ಲೈಟ್ ಫ್ಲೈವೇಟ್, ಫ್ಲೈವೇಟ್ ಮತ್ತು ಸೂಪರ್ ಫ್ಲೈವೇಟ್ ನಾಲ್ಕರಲ್ಲೂ ವಿಶ್ವಪಟ್ಟ ಗೆದ್ದವರು. ನಾಲ್ಕು ತೂಕಗಳಲ್ಲಿ ವಿಶ್ವ ಚಾಂಪಿಯನ್ ಆದ ಫಿಲಿಪಿನೊಗಳಲ್ಲಿ ಮ್ಯಾನಿ ಪಾಕಿಯಾವೊ ಮತ್ತು ನೊನಿಟೊ ಡೊನೇರ್ ನಂತರ ಇವರು ಮೂರನೆಯವರು. 2004ರ ಸೆಪ್ಟೆಂಬರ್‌ನಲ್ಲಿ ಒಮ್ಮೆ ಸೋತ ಮೇಲೆ 2022ರ ಜುಲೈವರೆಗೆ, ಅಂದರೆ ಹೆಚ್ಚುಕಡಿಮೆ ಹದಿನೆಂಟು ವರ್ಷ, ಯಾವ ಪಂದ್ಯವನ್ನೂ ಇವರು ಸೋಲಲಿಲ್ಲ. ಹಾವುಗಳನ್ನು ಸಾಕುತ್ತಿದ್ದುದರಿಂದ ಇವರಿಗೆ ‘ಅಹಾಸ್’, ಅಂದರೆ ಹಾವು, ಎಂಬ ಅಡ್ಡಹೆಸರು ಬಂತು. ಬಾಕ್ಸಿಂಗ್‌ನ ಹಣ ಮತ್ತು ಪ್ರಚಾರ ಹೆಚ್ಚಾಗಿ ಭಾರಿ ಮೈಕಟ್ಟಿನವರ ಪಾಲಾಗುತ್ತವೆ. ಕಸುಬಿನ ಹಿಡಿತ ಮತ್ತು ತಾಳ್ಮೆಗಳಿಂದಲೇ ಹಗುರ ತೂಕದ ಬಾಕ್ಸರ್ ಒಬ್ಬ ಎಷ್ಟು ಎತ್ತರಕ್ಕೆ ಏರಬಲ್ಲ ಎಂಬುದಕ್ಕೆ ನಿಯೆಟೆಸ್ ಅವರ ವೃತ್ತಿಜೀವನ ಒಳ್ಳೆಯ ಸಾಕ್ಷಿ.

ಹಗುರ ತೂಕಗಳ ಲೋಕ

ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕದ ಮಿತಿಯನ್ನು ಪೌಂಡ್‌ಗಳಲ್ಲಿ ಗೊತ್ತುಮಾಡುತ್ತಾರೆ. ಮಿನಿಮಮ್‌ವೇಟ್‌ನ ಮಿತಿ 105 ಪೌಂಡ್ (47.6 ಕಿಲೋ), ಲೈಟ್ ಫ್ಲೈವೇಟ್‌ನದು 108 ಪೌಂಡ್ (49 ಕಿಲೋ), ಫ್ಲೈವೇಟ್‌ನದು 112 ಪೌಂಡ್ (50.8 ಕಿಲೋ), ಸೂಪರ್ ಫ್ಲೈವೇಟ್‌ನದು 115 ಪೌಂಡ್ (52.2 ಕಿಲೋ). ಇವುಗಳಲ್ಲಿ ಹಳೆಯದು ಫ್ಲೈವೇಟ್. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅದು ಬೇರೂರಿತ್ತು. ಉಳಿದ ಮೂರು ಬಹಳ ತಡವಾಗಿ ಬಂದವು: ಲೈಟ್ ಫ್ಲೈವೇಟ್ 1975ರಲ್ಲಿ, ಸೂಪರ್ ಫ್ಲೈವೇಟ್ 1980ರಲ್ಲಿ, ಮಿನಿಮಮ್‌ವೇಟ್ 1987ರಲ್ಲಿ. ಅದಕ್ಕೂ ಮೊದಲು ನಲವತ್ತೇಳು, ನಲವತ್ತೆಂಟು ಕಿಲೋ ತೂಗುವ ಬಾಕ್ಸರ್ ತನಗಿಂತ ದೊಡ್ಡವರೊಡನೆಯೇ ಸೆಣಸಬೇಕಿತ್ತು.

ಒಂದೊಂದು ತೂಕದಲ್ಲೂ ಪಟ್ಟ ಕೊಡುವ ಪ್ರಮುಖ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್ ಮತ್ತು ಡಬ್ಲ್ಯುಬಿಒ. ಹೀಗಾಗಿ ಒಂದೇ ತೂಕದಲ್ಲಿ ಒಂದೇ ಕಾಲಕ್ಕೆ ನಾಲ್ವರು ವಿಶ್ವ ಚಾಂಪಿಯನ್ನರು ಇರುವುದುಂಟು. ಪಟ್ಟದ ಪಂದ್ಯ ಮೂರು ಮೂರು ನಿಮಿಷಗಳ ಹನ್ನೆರಡು ಸುತ್ತುಗಳದ್ದು. ನಾಕೌಟ್ ಆಗದಿದ್ದರೆ ರಿಂಗ್‌ನ ಪಕ್ಕ ಕುಳಿತ ಮೂವರು ತೀರ್ಪುಗಾರರ ಅಂಕಗಳ ಮೇಲೆ ಫಲಿತಾಂಶ ನಿಲ್ಲುತ್ತದೆ. ಸುತ್ತು ಗೆದ್ದವನಿಗೆ ಹತ್ತು ಅಂಕ, ಸೋತವನಿಗೆ ಸಾಮಾನ್ಯವಾಗಿ ಒಂಬತ್ತು. ನೆಲಕ್ಕೆ ಬಿದ್ದರೆ ಇನ್ನೂ ಒಂದು ಕಡಿಮೆ. ನಿಯೆಟೆಸ್ ಅವರ ದೊಡ್ಡ ಪಂದ್ಯಗಳಲ್ಲಿ ಹಲವು ಹೀಗೆ ಅಂಕಗಳ ಮೇಲೆಯೇ ಇತ್ಯರ್ಥವಾದವು.

ಹಗುರ ತೂಕಗಳಿಗೂ ಫಿಲಿಪ್ಪೀನ್ಸ್‌ಗೂ ನೂರು ವರ್ಷಗಳ ನಂಟಿದೆ. ಪಾಂಚೊ ವಿಲ್ಲಾ ಎಂಬ ಹೆಸರಿನಿಂದ ಪ್ರಸಿದ್ಧರಾದ ಫ್ರಾನ್ಸಿಸ್ಕೊ ಗಿಲೆಡೊ 1923ರ ಜೂನ್ 18ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ವೇಲ್ಸ್‌ನ ಜಿಮ್ಮಿ ವೈಲ್ಡ್ ಅವರನ್ನು ಏಳನೇ ಸುತ್ತಿನಲ್ಲಿ ಕೆಡವಿ ಫ್ಲೈವೇಟ್ ವಿಶ್ವ ಚಾಂಪಿಯನ್ ಆದರು. ಏಷ್ಯಾದ ಮೊದಲ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಅವರೇ. ಎರಡು ವರ್ಷಗಳ ನಂತರ, ಹಲ್ಲು ಕೀಳಿಸಿಕೊಂಡು ಊದಿದ್ದ ದವಡೆಯಲ್ಲೇ ಪಂದ್ಯವಾಡಿದ ಅವರು ಸೋಂಕು ಗಂಟಲಿಗೆ ಹರಡಿ 1925ರ ಜುಲೈ 14ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷವೂ ತುಂಬಿರಲಿಲ್ಲ. ಆಮೇಲಿನ ದಶಕಗಳಲ್ಲಿ ಬೆರ್ನಾಬೆ ವಿಲ್ಲಾಕಾಂಪೊ, ಎರ್ಬಿಟೊ ಸಲವಾರಿಯಾ, ಫ್ರಾಂಕ್ ಸೆಡೆನೊ ಫ್ಲೈವೇಟ್ ಪಟ್ಟ ಗೆದ್ದರು. ಎಳವೆಯಲ್ಲಿ ಪೋಲಿಯೊ ತಗುಲಿದ್ದ ಡೋಡಿ ಬಾಯ್ ಪೆನಲೋಸಾ 1983ರಲ್ಲಿ ಲೈಟ್ ಫ್ಲೈವೇಟ್, 1987ರಲ್ಲಿ ಫ್ಲೈವೇಟ್ ಪಟ್ಟ ಪಡೆದರು. ಪಾಕಿಯಾವೊ ಅವರ ಮೊದಲ ವಿಶ್ವಪಟ್ಟವೂ ಫ್ಲೈವೇಟ್‌ನದೇ. 1998ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನ ಚಾಚಾಯ್ ಸಾಸಾಕುಲ್ ಅವರನ್ನು ಅವರದೇ ನೆಲದಲ್ಲಿ ನಾಕೌಟ್ ಮಾಡಿ ಪಾಕಿಯಾವೊ ಅದನ್ನು ಗೆದ್ದಿದ್ದರು. ಪಾಕಿಯಾವೊ ಮೇಲಿನ ತೂಕಗಳಿಗೆ ಹಾರುತ್ತ ಹೋಗಿ ಜಗತ್ತಿನ ಕಣ್ಣು ಸೆಳೆದರು. ನಿಯೆಟೆಸ್ ತಮ್ಮ ದೇಹಕ್ಕೆ ಸಹಜವಾದ ತೂಕಗಳಲ್ಲೇ ಉಳಿದು ಬೆಳೆದರು.

ನೆಗ್ರೋಸ್‌ನಿಂದ ಸೆಬುವಿಗೆ

ನಿಯೆಟೆಸ್ ಹುಟ್ಟಿದ್ದು ನೆಗ್ರೋಸ್ ದ್ವೀಪದ ನೆಗ್ರೋಸ್ ಆಕ್ಸಿಡೆಂಟಲ್ ಪ್ರಾಂತ್ಯದ ಮುರ್ಸಿಯಾದಲ್ಲಿ. ಇದು ಪ್ರಾಂತ್ಯದ ಮುಖ್ಯ ನಗರ ಬಕೊಲೊಡ್‌ಗೆ ಹತ್ತಿರದ ಊರು. ನೆಗ್ರೋಸ್ ಕಬ್ಬಿನ ನಾಡು. ಫಿಲಿಪ್ಪೀನ್ಸ್‌ನ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯದು. ಭೂಮಿ ಕೆಲವೇ ಕುಟುಂಬಗಳ ಕೈಯಲ್ಲಿ, ದುಡಿಮೆ ಸಾವಿರಾರು ಕೂಲಿಗಳ ಮೈಯಲ್ಲಿ ಎಂಬುದು ಈ ನಾಡಿನ ಹಳೆಯ ಕಥೆ. 1980ರ ದಶಕದ ನಡುವೆ ಜಗತ್ತಿನ ಮಾರುಕಟ್ಟೆಯಲ್ಲಿ ಸಕ್ಕರೆಯ ಬೆಲೆ ಕುಸಿದಾಗ ಕಬ್ಬಿನ ಗದ್ದೆಗಳಲ್ಲಿ ಕೆಲಸ ನಿಂತಿತು, ದ್ವೀಪದಲ್ಲಿ ಹಸಿವು ಹಬ್ಬಿತು, ಮಕ್ಕಳು ಅಪೌಷ್ಟಿಕತೆಯಿಂದ ಸತ್ತರು. ನಿಯೆಟೆಸ್ ಅವರ ಪೀಳಿಗೆ ಕಣ್ಣುಬಿಟ್ಟದ್ದು ಆ ದಿನಗಳಲ್ಲಿ.

ಇದೇ ಪ್ರಾಂತ್ಯ ಬಾಕ್ಸರ್‌ಗಳ ಕಣಜವೂ ಹೌದು. ಪಾಂಚೊ ವಿಲ್ಲಾ ಇಲ್ಲಿಯವರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಲೈಟ್ ಫ್ಲೈವೇಟ್‌ನಲ್ಲಿ ಕಂಚು ಗೆದ್ದ ರೋಯೆಲ್ ವೆಲಾಸ್ಕೊ, 1996ರ ಅಟ್ಲಾಂಟಾದಲ್ಲಿ ಅದೇ ತೂಕದಲ್ಲಿ ಬೆಳ್ಳಿ ಗೆದ್ದ ಅವರ ತಮ್ಮ ಮನ್ಸುಯೆಟೊ ವೆಲಾಸ್ಕೊ ಇಬ್ಬರೂ ಈ ಪ್ರಾಂತ್ಯದ ಬಾಗೊ ನಗರದವರು. ಊರೂರಿನ ಜಾತ್ರೆ, ಉತ್ಸವಗಳಲ್ಲಿ ಬಾಕ್ಸಿಂಗ್ ಪಂದ್ಯ ಏರ್ಪಡಿಸುವ ರೂಢಿ ಫಿಲಿಪ್ಪೀನ್ಸ್‌ನಲ್ಲಿ ಇಂದಿಗೂ ಇದೆ. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಈ ಆಟ ಕಂಡದ್ದು ಮೊದಲು ಸಂಪಾದನೆಯ ದಾರಿಯಾಗಿ, ಹೆಸರು ಮಾಡುವ ಮಾತು ಆಮೇಲಿನದು.

ಯುವಕ ನಿಯೆಟೆಸ್ ಸಮುದ್ರ ದಾಟಿ ಪಕ್ಕದ ಸೆಬು ದ್ವೀಪಕ್ಕೆ ಹೋದರು. ಅಲ್ಲಿ ಉದ್ಯಮಿ ಆಂಟೊನಿಯೊ ಎಲ್. ಅಲ್ಡೆಗೆರ್ ತಮ್ಮ ಹೆಸರಿನ ಮೊದಲಕ್ಷರಗಳಲ್ಲೇ ಎಎಲ್‌ಎ ಎಂಬ ಬಾಕ್ಸಿಂಗ್ ಜಿಮ್ ನಡೆಸುತ್ತಿದ್ದರು. ನಿಯೆಟೆಸ್ ಅಲ್ಲಿ ಮೊದಲು ಕಸ ಗುಡಿಸುವಂಥ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದರು. ಹುಡುಗರಿಗೆ ಇರಲು ಜಾಗ, ಹೊಟ್ಟೆಗೆ ಊಟ ಕೊಟ್ಟು, ದಿನಚರಿ ಕಲಿಸಿ, ವರ್ಷಗಟ್ಟಲೆ ತರಬೇತಿ ಕೊಟ್ಟು, ಆತುರಪಡದೆ ಪಂದ್ಯಗಳಿಗೆ ಇಳಿಸುವುದು ಆ ಜಿಮ್‌ನ ಪದ್ಧತಿ. ಒಂದು ಕಾಲಕ್ಕೆ ವಿಶ್ವಪಟ್ಟಕ್ಕಾಗಿ ತಾವೇ ಸೆಣಸಿದ್ದ ಎಡಿಟೊ ವಿಲ್ಲಾಮೊರ್ ಮತ್ತು ಅವರ ಸೋದರ ಎಡ್ಮಂಡ್ ವಿಲ್ಲಾಮೊರ್ ಅಲ್ಲಿ ತರಬೇತುದಾರರು. ನಿಯೆಟೆಸ್ ಅವರ ಆಟ ರೂಪುಗೊಂಡದ್ದು ಇವರ ಕೈಯಲ್ಲಿ.

ಮೊದಲ ವರ್ಷಗಳು ಮತ್ತು ಮೊದಲ ಸೋಲು

ನಿಯೆಟೆಸ್ 2003ರಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಕಾಲಿಟ್ಟರು. ಎತ್ತರ ಸುಮಾರು 160 ಸೆಂಟಿಮೀಟರ್. ಎಡಗೈ ಮುಂದಿಟ್ಟು ಬಲಗೈಯನ್ನು ಹಿಂದೆ ಕಾಯ್ದಿರಿಸುವ ಸಾಂಪ್ರದಾಯಿಕ ನಿಲುವು. 2004ರ ಸೆಪ್ಟೆಂಬರ್‌ನಲ್ಲಿ ಇಂಡೊನೇಷ್ಯಾಕ್ಕೆ ಹೋಗಿ ಅಲ್ಲಿಯ ಆಂಕಿ ಅಂಗ್ಕೊಟಾ ಎದುರು ಅಂಕಗಳ ಮೇಲೆ ಸೋತರು. ತೀರ್ಪುಗಾರರಲ್ಲಿ ಒಮ್ಮತವಿರಲಿಲ್ಲ. ಎದುರಾಳಿಯ ನೆಲದಲ್ಲಿ ಪಂದ್ಯ ಆಡಲು ಹೋದವರು ಅನುಮಾನಕ್ಕೆ ಎಡೆಯಿಲ್ಲದಂತೆ ಗೆಲ್ಲಬೇಕು ಎಂಬುದು ಈ ಕಸುಬಿನವರೆಲ್ಲರಿಗೂ ಗೊತ್ತಿರುವ ಮಾತು. ಮುಂದೆ ನಿಯೆಟೆಸ್ ಮೆಕ್ಸಿಕೊದಲ್ಲಿ ಮಾಡಿ ತೋರಿಸಿದ್ದು ಅದನ್ನೇ.

ಮಿನಿಮಮ್‌ವೇಟ್ ಪಟ್ಟ, 2007

ಪೋರ್ಟೊರಿಕೊದ ಇವಾನ್ ಕಾಲ್ಡೆರೋನ್ ಹಲವು ವರ್ಷ ಡಬ್ಲ್ಯುಬಿಒ ಮಿನಿಮಮ್‌ವೇಟ್ ಪಟ್ಟವನ್ನು ಕೈಯಲ್ಲಿಟ್ಟುಕೊಂಡು 2007ರಲ್ಲಿ ಮೇಲಿನ ತೂಕಕ್ಕೆ ಹೋದರು. ತೆರವಾದ ಪಟ್ಟಕ್ಕಾಗಿ 2007ರ ಸೆಪ್ಟೆಂಬರ್ 30ರಂದು ಸೆಬುವಿನ ವಾಟರ್‌ಫ್ರಂಟ್ ಹೋಟೆಲ್‌ನಲ್ಲಿ ನಿಯೆಟೆಸ್ ಮತ್ತು ಥಾಯ್ಲೆಂಡ್‌ನ ಪೊರ್ನ್‌ಸವಾನ್ ಪೊರ್‌ಪ್ರಮೂಕ್ ಎದುರಾದರು. ಪೊರ್ನ್‌ಸವಾನ್ ಹಿಂದೆ ಸರಿಯದೆ ಹೊಡೆಯುತ್ತಲೇ ಮುಂದೊತ್ತುವ ಗಟ್ಟಿಗರು. ಹನ್ನೆರಡು ಸುತ್ತುಗಳ ಕೊನೆಗೆ ಮೂವರು ತೀರ್ಪುಗಾರರೂ ನಿಯೆಟೆಸ್ ಅವರ ಪರವಾಗಿ ಅಂಕ ಕೊಟ್ಟರು. ಜಿಮ್‌ನ ನೆಲ ಗುಡಿಸಿದ್ದ ಹುಡುಗ ಇಪ್ಪತ್ತೈದನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು.

2008ರಲ್ಲಿ ನಿಕರಾಗುವಾದ ಎಡ್ಡಿ ಕ್ಯಾಸ್ಟ್ರೊ ಅವರನ್ನು ಎರಡನೇ ಸುತ್ತಿನಲ್ಲೇ ಮುಗಿಸಿ ಪಟ್ಟ ಉಳಿಸಿಕೊಂಡ ನಿಯೆಟೆಸ್, ನಂತರದ ಮೂರು ಪಟ್ಟ ರಕ್ಷಣೆಗಳನ್ನು ಮೆಕ್ಸಿಕೊದಲ್ಲೇ ಮಾಡಿದರು. 2009ರ ಫೆಬ್ರವರಿಯಲ್ಲಿ ಓಹಾಕಾದಲ್ಲಿ ಎರಿಕ್ ರಮಿರೆಜ್, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮ್ಯಾನುಯೆಲ್ ವರ್ಗಾಸ್, 2010ರ ಆಗಸ್ಟ್‌ನಲ್ಲಿ ಸಿನಲೋವಾ ರಾಜ್ಯದ ಗ್ವಾಸಾವೆಯಲ್ಲಿ ಮಾರಿಯೊ ರೊಡ್ರಿಗೆಜ್ ಅವರೆದುರು ಗೆದ್ದರು. ವರ್ಗಾಸ್ ವಿರುದ್ಧದ ತೀರ್ಪಿನಲ್ಲಿ ಒಬ್ಬ ತೀರ್ಪುಗಾರ ಮೆಕ್ಸಿಕೊದವರ ಪರ ಇದ್ದರೆ ಉಳಿದಿಬ್ಬರು ನಿಯೆಟೆಸ್ ಪರ ನಿಂತರು. ಮೆಕ್ಸಿಕೊ ಹಗುರ ತೂಕಗಳ ಇನ್ನೊಂದು ದೊಡ್ಡ ನೆಲೆ. ಅಲ್ಲಿಯ ಪ್ರೇಕ್ಷಕರಿಗೆ ಆಟದ ಒಳಹೊರಗೆಲ್ಲ ಗೊತ್ತು. ಅಲ್ಲಿಯವರ ಎದುರು, ಅವರದೇ ಜನರ ಕೂಗಿನ ನಡುವೆ ಮೂರು ಸಲ ಪಟ್ಟ ಉಳಿಸಿಕೊಂಡ ಮೇಲೆ ನಿಯೆಟೆಸ್ ಹೆಸರು ಬಾಕ್ಸಿಂಗ್ ಬಲ್ಲವರಲ್ಲಿ ಗಟ್ಟಿಯಾಯಿತು.

ಲೈಟ್ ಫ್ಲೈವೇಟ್, 2011–2016

ನಿಯೆಟೆಸ್ ಅವರ ವೃತ್ತಿಯ ನಡುಗಾಲ ಮತ್ತು ಅತ್ಯಂತ ಫಲವತ್ತಾದ ಕಾಲ ಇದು. 2011ರ ಅಕ್ಟೋಬರ್ 8ರಂದು ತಮ್ಮ ಪ್ರಾಂತ್ಯದ ಬಕೊಲೊಡ್‌ನಲ್ಲಿ ಮೆಕ್ಸಿಕೊದ ರಮೋನ್ ಗಾರ್ಸಿಯಾ ಹಿರಾಲೆಸ್ ಅವರನ್ನು ಅಂಕಗಳ ಮೇಲೆ ಸೋಲಿಸಿ ಡಬ್ಲ್ಯುಬಿಒ ಲೈಟ್ ಫ್ಲೈವೇಟ್ ಪಟ್ಟ ಗೆದ್ದರು. 2012ರಲ್ಲಿ ಫೆಲಿಪೆ ಸಾಲ್ಗೆರೊ ಎದುರು ಅದನ್ನು ಉಳಿಸಿಕೊಂಡರು.

2013ರ ಮಾರ್ಚ್ 2ರಂದು ಸೆಬುವಿನಲ್ಲಿ ಎದುರಾದ ಮೊಯಿಸೆಸ್ ಫ್ವೆಂಟೆಸ್ ಬೇರೆಯೇ ಬಗೆಯ ಸವಾಲು. ಮೆಕ್ಸಿಕೊದ ಈ ನೀಳಕಾಯದ ಬಾಕ್ಸರ್ ಆಗ ಡಬ್ಲ್ಯುಬಿಒ ಮಿನಿಮಮ್‌ವೇಟ್ ಚಾಂಪಿಯನ್. ಹಿಂದಿನ ವರ್ಷವಷ್ಟೇ ಕಾಲ್ಡೆರೋನ್ ಅವರನ್ನು ನಾಕೌಟ್ ಮಾಡಿದ್ದರು. ಪಂದ್ಯ ಡ್ರಾ ಆಯಿತು. ಇಬ್ಬರು ತೀರ್ಪುಗಾರರು ಸಮ ಎಂದರು, ಒಬ್ಬರು ನಿಯೆಟೆಸ್ ಪರ ಅಂಕ ಕೊಟ್ಟರು. ಪಟ್ಟ ಉಳಿಯಿತು, ಪ್ರಶ್ನೆಯೂ ಉಳಿಯಿತು. 2014ರ ಮೇ 10ರಂದು ಮನಿಲಾ ಮಹಾನಗರದ ಮಾಲ್ ಆಫ್ ಏಷ್ಯಾ ಅರೀನಾದಲ್ಲಿ ನಡೆದ ಮರುಪಂದ್ಯದಲ್ಲಿ ನಿಯೆಟೆಸ್ ಅದಕ್ಕೆ ಉತ್ತರ ಕೊಟ್ಟರು. ಫ್ವೆಂಟೆಸ್ ಅವರ ಉದ್ದ ಕೈಗಳ ಅಳತೆಯನ್ನು ಮೊದಲ ಪಂದ್ಯದಲ್ಲೇ ಕಲಿತಿದ್ದ ಅವರು ಒಂಬತ್ತನೇ ಸುತ್ತಿನಲ್ಲಿ ಎದುರಾಳಿಯನ್ನು ಕೆಡವಿ ಪಂದ್ಯ ಮುಗಿಸಿದರು. ‘ದಿ ರಿಂಗ್’ ಪತ್ರಿಕೆಯ ಲೈಟ್ ಫ್ಲೈವೇಟ್ ಪಟ್ಟವೂ ಅವರಿಗೆ ಸಂದಿತು. ನಿಯೆಟೆಸ್ ಅವರ ಅತ್ಯುತ್ತಮ ಪ್ರದರ್ಶನಗಳ ಸಾಲಿನಲ್ಲಿ ಈ ಪಂದ್ಯಕ್ಕೆ ಮೊದಲ ಸ್ಥಾನ ಕೊಡಬಹುದು. ಒಬ್ಬನೇ ಎದುರಾಳಿಯನ್ನು ಎರಡನೇ ಸಲ ಎದುರಿಸಿದಾಗ ಬಾಕ್ಸರ್ ಎಷ್ಟು ಕಲಿತಿದ್ದಾನೆ ಎಂಬುದು ಇಲ್ಲಿ ಕಣ್ಣಿಗೆ ಕಂಡಿತು.

ಎರಡು ಫ್ವೆಂಟೆಸ್ ಪಂದ್ಯಗಳ ನಡುವೆ ಸ್ಯಾಮಿ ಗುಟಿಯೆರೆಜ್ ಅವರನ್ನು ಮೂರನೇ ಸುತ್ತಿನಲ್ಲಿ ಸೋಲಿಸಿದ್ದ ನಿಯೆಟೆಸ್, 2014ರ ನವೆಂಬರ್‌ನಲ್ಲಿ ಕಾರ್ಲೊಸ್ ವೆಲಾರ್ಡೆ, 2015ರ ಮಾರ್ಚ್‌ನಲ್ಲಿ ಗಿಲ್ಬರ್ಟೊ ಪಾರಾ ಅವರನ್ನು ಪಂದ್ಯದ ನಡುವೆಯೇ ಕೈಚೆಲ್ಲುವಂತೆ ಮಾಡಿದರು. 2015ರ ಜುಲೈನಲ್ಲಿ ಎದುರಾದ ಫ್ರಾನ್ಸಿಸ್ಕೊ ರೊಡ್ರಿಗೆಜ್ ಜೂನಿಯರ್ ಹಿಂದಿನ ವರ್ಷ ಮಿನಿಮಮ್‌ವೇಟ್‌ನ ಎರಡು ಪಟ್ಟಗಳನ್ನು ಒಟ್ಟಿಗೆ ಗೆದ್ದಿದ್ದ ಯುವಕ. ಅವರ ಬಿರುಸನ್ನು ಮೂವತ್ಮೂರರ ನಿಯೆಟೆಸ್ ಕಾಲ್ಚಳಕದಿಂದ ತಣಿಸಿ ಅಂಕಗಳಲ್ಲಿ ಗೆದ್ದರು. ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ ಹುವಾನ್ ಅಲೆಹೊ ವಿರುದ್ಧ ಗೆದ್ದರು. 2016ರ ಮೇ ತಿಂಗಳಲ್ಲಿ ಬಕೊಲೊಡ್‌ಗೆ ಮರಳಿ ರೌಲ್ ಗಾರ್ಸಿಯಾ ಅವರನ್ನು ಐದನೇ ಸುತ್ತಿನಲ್ಲಿ ಮುಗಿಸಿದರು. ಈ ರೌಲ್ ಮಿನಿಮಮ್‌ವೇಟ್‌ನ ಮಾಜಿ ವಿಶ್ವ ಚಾಂಪಿಯನ್, ಮೇಲಾಗಿ 2011ರಲ್ಲಿ ಇದೇ ಊರಿನಲ್ಲಿ ಸೋತಿದ್ದ ರಮೋನ್ ಅವರ ಅವಳಿ ಸೋದರ.

ಎಲೋರ್ಡೆ ದಾಖಲೆ

ಫಿಲಿಪ್ಪೀನ್ಸ್‌ನ ಬಾಕ್ಸಿಂಗ್‌ನಲ್ಲಿ ಗೇಬ್ರಿಯಲ್ ‘ಫ್ಲ್ಯಾಷ್’ ಎಲೋರ್ಡೆ ಅವರ ಹೆಸರಿಗೆ ವಿಶೇಷ ಗೌರವವಿದೆ. ಸೆಬು ಪ್ರಾಂತ್ಯದವರಾದ ಎಲೋರ್ಡೆ 1960ರ ಮಾರ್ಚ್‌ನಿಂದ 1967ರ ಜೂನ್‌ವರೆಗೆ, ಏಳು ವರ್ಷ ಮೂರು ತಿಂಗಳು, ಜೂನಿಯರ್ ಲೈಟ್‌ವೇಟ್ ವಿಶ್ವ ಚಾಂಪಿಯನ್ ಆಗಿದ್ದರು. 2007ರ ಸೆಪ್ಟೆಂಬರ್‌ನಿಂದ ಚಾಂಪಿಯನ್ ಎನಿಸಿಕೊಂಡಿದ್ದ ನಿಯೆಟೆಸ್ 2014ರ ಕೊನೆಗೆ ಆ ಅವಧಿಯನ್ನು ದಾಟಿ, ಅತಿ ದೀರ್ಘಕಾಲ ವಿಶ್ವ ಚಾಂಪಿಯನ್ ಆಗಿದ್ದ ಫಿಲಿಪಿನೊ ಎಂಬ ಹೆಸರು ಪಡೆದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಎಚ್ಚರ ಬೇಕು. ಎಲೋರ್ಡೆ ಅಷ್ಟೂ ವರ್ಷ ಒಂದೇ ತೂಕದಲ್ಲಿ ಒಂದೇ ಪಟ್ಟ ಕಾಪಾಡಿದರು, ಆ ಕಾಲದಲ್ಲಿ ಪಟ್ಟಗಳ ಸಂಖ್ಯೆಯೂ ಕಡಿಮೆ. ನಿಯೆಟೆಸ್ ಅವರದು ಎರಡು ತೂಕಗಳ ಆಳ್ವಿಕೆ ಸೇರಿದ ಲೆಕ್ಕ. ಆದರೂ ಏಳು ವರ್ಷಕ್ಕೂ ಮಿಕ್ಕಿ ಒಂದು ಪಂದ್ಯವನ್ನೂ ಸೋಲದೆ ಉಳಿದದ್ದು, ಅದೂ ಪ್ರತಿ ಪಂದ್ಯಕ್ಕೂ ಮೈಯನ್ನು ಐವತ್ತು ಕಿಲೋದೊಳಗೆ ಇಳಿಸಿಕೊಂಡು, ಅಪರೂಪದ ಶಿಸ್ತು.

ಫ್ಲೈವೇಟ್, 2016–2018

ಮೂವತ್ನಾಲ್ಕನೇ ವಯಸ್ಸಿನಲ್ಲಿ ನಿಯೆಟೆಸ್ ಲೈಟ್ ಫ್ಲೈವೇಟ್ ಬಿಟ್ಟು ಮೇಲೆ ಬಂದರು. 2016ರ ಸೆಪ್ಟೆಂಬರ್ 24ರಂದು ಕಾರ್ಸನ್‌ನಲ್ಲಿ ಮೆಕ್ಸಿಕೊದ ಎಡ್ಗರ್ ಸೋಸಾ ಅವರನ್ನು ಅಂಕಗಳ ಮೇಲೆ ಸುಲಭವಾಗಿ ಸೋಲಿಸಿದರು. ಸೋಸಾ ಡಬ್ಲ್ಯುಬಿಸಿ ಲೈಟ್ ಫ್ಲೈವೇಟ್ ಪಟ್ಟವನ್ನು ಹಲವು ಬಾರಿ ಉಳಿಸಿಕೊಂಡಿದ್ದ ಅನುಭವಿ. ಇನ್ನೊಬ್ಬ ಫಿಲಿಪಿನೊ ಜಾನ್‌ರಿಯೆಲ್ ಕಾಸಿಮೆರೊ ಐಬಿಎಫ್ ಫ್ಲೈವೇಟ್ ಪಟ್ಟ ತೆರವು ಮಾಡಿದಾಗ ಅದಕ್ಕಾಗಿ 2017ರ ಏಪ್ರಿಲ್ 29ರಂದು ಸೆಬುವಿನಲ್ಲಿ ಥಾಯ್ಲೆಂಡ್‌ನ ಕೊಮ್‌ಗ್ರಿಚ್ ನಂತಪೆಚ್ ಜತೆ ಪಂದ್ಯ ನಡೆಯಿತು. ಮೂವರು ತೀರ್ಪುಗಾರರೂ ನಿಯೆಟೆಸ್ ಪರ ನಿಂತರು. ಇದು ಮೂರನೇ ತೂಕದ ಪಟ್ಟ.

ಆ ಹೊತ್ತಿಗೆ ಅಮೆರಿಕದ ಎಚ್‌ಬಿಒ ವಾಹಿನಿ ‘ಸೂಪರ್‌ಫ್ಲೈ’ ಎಂಬ ಹೆಸರಿನಲ್ಲಿ ಹಗುರ ತೂಕದ ಬಾಕ್ಸರ್‌ಗಳಿಗೆಂದೇ ಕಾರ್ಯಕ್ರಮ ಶುರುಮಾಡಿತ್ತು. 2018ರ ಫೆಬ್ರವರಿ 24ರಂದು ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನ ಫೋರಂ ಅಂಗಣದಲ್ಲಿ ನಡೆದ ಎರಡನೇ ಕಾರ್ಯಕ್ರಮದಲ್ಲಿ ನಿಯೆಟೆಸ್ ಅರ್ಜೆಂಟೀನಾದ ಮಾಜಿ ಚಾಂಪಿಯನ್ ಹುವಾನ್ ಕಾರ್ಲೊಸ್ ರೆವೆಕೊ ಅವರನ್ನು ಏಳನೇ ಸುತ್ತಿನಲ್ಲಿ ಸೋಲಿಸಿದರು. ಹದಿನೈದು ವರ್ಷ ಆಡಿದ ಮೇಲೆ ಅಮೆರಿಕದ ದೊಡ್ಡ ಪ್ರೇಕ್ಷಕ ವರ್ಗ ಅವರನ್ನು ಗಮನಿಸಿದ್ದು ಆಗ.

ಸೂಪರ್ ಫ್ಲೈವೇಟ್ ಮತ್ತು ನಾಲ್ಕನೇ ಪಟ್ಟ

ನವೊಯಾ ಇನೌವೆ ಬಿಟ್ಟುಹೋದ ಡಬ್ಲ್ಯುಬಿಒ ಸೂಪರ್ ಫ್ಲೈವೇಟ್ ಪಟ್ಟಕ್ಕಾಗಿ 2018ರ ಸೆಪ್ಟೆಂಬರ್ 8ರಂದು ಅದೇ ಫೋರಂನಲ್ಲಿ ಇಬ್ಬರು ಫಿಲಿಪಿನೊಗಳು ಎದುರಾದರು: ನಿಯೆಟೆಸ್ ಮತ್ತು ಆಸ್ಟನ್ ಪಾಲಿಕ್ಟೆ. ಪಾಲಿಕ್ಟೆ ನಿಯೆಟೆಸ್ ಅವರಿಗಿಂತ ಎತ್ತರ, ವಯಸ್ಸಿನಲ್ಲಿ ಕಿರಿಯರು, ಅವರದೇ ಪ್ರಾಂತ್ಯದವರು. ಒಬ್ಬ ತೀರ್ಪುಗಾರ ನಿಯೆಟೆಸ್‌ಗೆ 118–110, ಇನ್ನೊಬ್ಬರು ಪಾಲಿಕ್ಟೆಗೆ 116–112 ಕೊಟ್ಟರು. ಮೂರನೆಯವರು 114–114 ಸಮ ಎಂದರು. ಪಂದ್ಯ ಡ್ರಾ ಆಗಿ ಪಟ್ಟ ತೆರವಾಗಿಯೇ ಉಳಿಯಿತು. ನಿಖರ ಹೊಡೆತಗಳು ನಿಯೆಟೆಸ್ ಅವರವೇ ಹೆಚ್ಚು ಎಂದು ಪಂದ್ಯ ನೋಡಿದ ಹಲವರು ಅಭಿಪ್ರಾಯಪಟ್ಟರು.

ಅದೇ ಸಂಜೆ ಅದೇ ಅಂಗಣದಲ್ಲಿ ಜಪಾನ್‌ನ ಕಜುಟೊ ಇಯೊಕಾ ನಿವೃತ್ತಿಯಿಂದ ಮರಳಿ ಬಂದು ಗೆದ್ದಿದ್ದರು. ಮೂರು ತೂಕಗಳಲ್ಲಿ ಚಾಂಪಿಯನ್ ಆಗಿದ್ದ ಇಯೊಕಾ ನಾಲ್ಕನೇ ಪಟ್ಟದ ಮೇಲೆ ಕಣ್ಣಿಟ್ಟಿದ್ದರು. ಅದನ್ನು ಸಾಧಿಸಿದ ಮೊದಲ ಜಪಾನಿ ಪುರುಷ ಆಗುವ ಅವಕಾಶ ಅವರಿಗಿತ್ತು. ನಿಯೆಟೆಸ್ ಅವರ ಗುರಿಯೂ ನಾಲ್ಕನೇ ಪಟ್ಟವೇ. 2018ರ ಡಿಸೆಂಬರ್ 31ರ ರಾತ್ರಿ ಮಕಾವ್‌ನ ವಿನ್ ಪ್ಯಾಲೇಸ್‌ನಲ್ಲಿ ಇಬ್ಬರೂ ಎದುರಾದರು. ಇಯೊಕಾ ಮುಂದೊತ್ತಿ ಹೊಟ್ಟೆ, ಪಕ್ಕೆಗಳಿಗೆ ಹೊಡೆಯುತ್ತ ಹೋದರು. ನಿಯೆಟೆಸ್ ಹಿಂದೆ ಸರಿದು, ಎದುರಾಳಿ ಕೈ ಬೀಸಿದ ಗಳಿಗೆ ನೋಡಿ ಬಲಗೈಯಿಂದ ಉತ್ತರಿಸುತ್ತ ಹೋದರು. ಯಾವ ಬಗೆಯ ಆಟಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂಬುದರ ಮೇಲೆ ತೀರ್ಪು ನಿಂತಿತ್ತು. ಒಬ್ಬರು ಇಯೊಕಾಗೆ 118–110 ಕೊಟ್ಟರೆ ಉಳಿದಿಬ್ಬರೂ ನಿಯೆಟೆಸ್‌ಗೆ 116–112 ಕೊಟ್ಟರು. ಮೂವತ್ತಾರನೇ ವಯಸ್ಸಿನಲ್ಲಿ, ಮೊದಲ ಪಟ್ಟ ಗೆದ್ದ ಹನ್ನೊಂದು ವರ್ಷಗಳ ಮೇಲೆ, ನಿಯೆಟೆಸ್ ನಾಲ್ಕು ತೂಕಗಳ ಚಾಂಪಿಯನ್ ಆದರು.

ವಿಶ್ವಪಟ್ಟಗಳು

ಡಬ್ಲ್ಯುಬಿಒ ಮಿನಿಮಮ್‌ವೇಟ್: 2007, ಸೆಬು, ಪೊರ್ನ್‌ಸವಾನ್ ಪೊರ್‌ಪ್ರಮೂಕ್ ವಿರುದ್ಧ.
ಡಬ್ಲ್ಯುಬಿಒ ಲೈಟ್ ಫ್ಲೈವೇಟ್: 2011, ಬಕೊಲೊಡ್, ರಮೋನ್ ಗಾರ್ಸಿಯಾ ಹಿರಾಲೆಸ್ ವಿರುದ್ಧ.
ಐಬಿಎಫ್ ಫ್ಲೈವೇಟ್: 2017, ಸೆಬು, ಕೊಮ್‌ಗ್ರಿಚ್ ನಂತಪೆಚ್ ವಿರುದ್ಧ.
ಡಬ್ಲ್ಯುಬಿಒ ಸೂಪರ್ ಫ್ಲೈವೇಟ್: 2018, ಮಕಾವ್, ಕಜುಟೊ ಇಯೊಕಾ ವಿರುದ್ಧ.

ಬಿಡುವು, ಮರಳಿಕೆ, ಎರಡನೇ ಸೋಲು

ಪಾಲಿಕ್ಟೆ ಜತೆ ಮತ್ತೆ ಆಡಬೇಕೆಂದು ಡಬ್ಲ್ಯುಬಿಒ ಸೂಚಿಸಿದಾಗ ನಿಯೆಟೆಸ್ ದೊಡ್ಡ ಪಂದ್ಯಗಳ ನಿರೀಕ್ಷೆಯಲ್ಲಿ 2019ರ ಆರಂಭದಲ್ಲೇ ಪಟ್ಟ ಬಿಟ್ಟುಕೊಟ್ಟರು. ತೆರವಾದ ಆ ಪಟ್ಟವನ್ನು ಜೂನ್‌ನಲ್ಲಿ ಇಯೊಕಾ, ಪಾಲಿಕ್ಟೆಯವರನ್ನು ಸೋಲಿಸಿ ಗೆದ್ದರು. ನಿಯೆಟೆಸ್ ನಿರೀಕ್ಷಿಸಿದ ಪಂದ್ಯಗಳು ಮಾತ್ರ ಕೂಡಿಬರಲಿಲ್ಲ. ಎಚ್‌ಬಿಒ 2018ರ ಕೊನೆಗೇ ಬಾಕ್ಸಿಂಗ್ ಪ್ರಸಾರ ನಿಲ್ಲಿಸಿತ್ತು. 2020ರಲ್ಲಿ ಕೋವಿಡ್ ಬಂತು. ಅದೇ ವರ್ಷ ಎಬಿಎಸ್–ಸಿಬಿಎನ್ ವಾಹಿನಿಯ ಪ್ರಸಾರ ಪರವಾನಗಿಯನ್ನು ಫಿಲಿಪ್ಪೀನ್ಸ್ ಸಂಸತ್ತು ನವೀಕರಿಸಲಿಲ್ಲ. ಆ ವಾಹಿನಿಯನ್ನು ನೆಚ್ಚಿಕೊಂಡಿದ್ದ ಎಎಲ್‌ಎ ಪ್ರಮೋಷನ್ಸ್ 2020ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿತು. ನಿಯೆಟೆಸ್ ಅವರನ್ನು ಬೆಳೆಸಿದ ಮನೆಯೇ ಇಲ್ಲವಾಯಿತು.

ಎರಡು ವರ್ಷಕ್ಕೂ ಹೆಚ್ಚು ಬಿಡುವಿನ ನಂತರ 2021ರ ಏಪ್ರಿಲ್ 3ರಂದು ದುಬೈನಲ್ಲಿ ಕೊಲಂಬಿಯಾದ ಪಾಬ್ಲೊ ಕರಿಲ್ಲೊ ವಿರುದ್ಧ ಗೆದ್ದರು. ಡಿಸೆಂಬರ್‌ನಲ್ಲಿ ಅದೇ ನಗರದಲ್ಲಿ ಡೊಮಿನಿಕನ್ ಗಣರಾಜ್ಯದ ನೊರ್ಬೆಲ್ಟೊ ಹಿಮೆನೆಜ್ ಜತೆಗಿನ ಪಂದ್ಯ ಡ್ರಾ ಆಯಿತು. 2022ರ ಜುಲೈ 13ರಂದು ಟೋಕಿಯೊದಲ್ಲಿ ಇಯೊಕಾ ಜತೆ ಮರುಪಂದ್ಯ ನಡೆದಾಗ ನಿಯೆಟೆಸ್‌ಗೆ ನಲವತ್ತು ವರ್ಷ, ಇಯೊಕಾಗೆ ಮೂವತ್ಮೂರು. ಈ ಬಾರಿ ಇಯೊಕಾ ಎದುರಾಳಿಯ ಪ್ರತಿಹೊಡೆತಕ್ಕೆ ಅವಕಾಶವನ್ನೇ ಕೊಡಲಿಲ್ಲ. ಅಂಕಗಳು 120–108, 118–110, 117–111. ಮೂರೂ ಇಯೊಕಾ ಪರ. ಹದಿನೆಂಟು ವರ್ಷಗಳ ಅಜೇಯ ಓಟ ಅಲ್ಲಿಗೆ ನಿಂತಿತು. ಆ ಪಂದ್ಯದ ಕೊನೆಗೆ ನಿಯೆಟೆಸ್ ಅವರ ಲೆಕ್ಕ 43 ಗೆಲುವು, 2 ಸೋಲು, 6 ಡ್ರಾ. ಗೆಲುವುಗಳಲ್ಲಿ 23 ನಾಕೌಟ್ ಬಗೆಯವು.

ಆಟದ ರೀತಿ

ನಿಯೆಟೆಸ್ ಒಂದೇ ಏಟಿಗೆ ಪಂದ್ಯ ಮುಗಿಸುವವರಲ್ಲ. ಅವರ ಆಟದ ತಳಹದಿ ಎಡಗೈಯ ಜ್ಯಾಬ್. ಅದರಿಂದ ದೂರ ಅಳೆಯುತ್ತಾರೆ, ಎದುರಾಳಿಯ ಲಯ ಕೆಡಿಸುತ್ತಾರೆ, ಅವನು ಸಿಟ್ಟಿನಿಂದ ಮುನ್ನುಗ್ಗಿದಾಗ ಬಲಗೈ ಅಥವಾ ಅಪ್ಪರ್‌ಕಟ್‌ನಿಂದ ಉತ್ತರಿಸುತ್ತಾರೆ. ಮೊದಲ ಎರಡು ಮೂರು ಸುತ್ತು ಎದುರಾಳಿಯನ್ನು ಓದಲು ಮೀಸಲು. ಹಗುರ ತೂಕದ ಬಾಕ್ಸರ್‌ಗಳಲ್ಲಿ ಅನೇಕರು ಎಡೆಬಿಡದೆ ಹೊಡೆತ ಸುರಿಸುವವರು. ನಿಯೆಟೆಸ್ ಕಡಿಮೆ ಹೊಡೆದು ಹೆಚ್ಚು ತಾಗಿಸುವವರು. ಹೊಡೆತ ತಿನ್ನದಿರುವುದೇ ಅವರ ದೀರ್ಘಾಯುಷ್ಯದ ಗುಟ್ಟು. ತಲೆಗೆ ಪೆಟ್ಟು ತಿನ್ನುತ್ತ ಗೆದ್ದವರ ವೃತ್ತಿ ಬೇಗ ಸವೆಯುತ್ತದೆ. ಇದೇ ಜಿಮ್‌ನ ಜಿ ಗೊರೆಸ್ 2009ರಲ್ಲಿ ಲಾಸ್ ವೇಗಸ್‌ನಲ್ಲಿ ಪಂದ್ಯ ಗೆದ್ದ ಬೆನ್ನಲ್ಲೇ ಕುಸಿದುಬಿದ್ದು ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರ ವೃತ್ತಿ ಅಲ್ಲಿಗೇ ಮುಗಿಯಿತು. ರಕ್ಷಣೆಯನ್ನು ನಿಯೆಟೆಸ್ ಅಷ್ಟು ಶ್ರದ್ಧೆಯಿಂದ ಕಲಿತದ್ದರ ಬೆಲೆ ಇಂಥ ಘಟನೆಗಳ ಪಕ್ಕದಲ್ಲಿ ತಿಳಿಯುತ್ತದೆ.

ಈ ರೀತಿಗೆ ಅದರದೇ ತೊಂದರೆಯೂ ಇತ್ತು. ಕಾದು ಹೊಡೆಯುವ ಬಾಕ್ಸರ್ ಸುತ್ತುಗಳನ್ನು ಎದುರಾಳಿಗೆ ಬಿಟ್ಟುಕೊಟ್ಟಂತೆ ಕಾಣುವ ಅಪಾಯವಿದೆ. ಆರು ಡ್ರಾಗಳು, ಇಬ್ಭಾಗವಾದ ತೀರ್ಪುಗಳು ಅವರ ದಾಖಲೆಯಲ್ಲಿ ಸೇರಿದ್ದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಹಣ ಮತ್ತು ಪ್ರಚಾರ

ಹಗುರ ತೂಕದ ಬಾಕ್ಸಿಂಗ್‌ಗೆ ಅಮೆರಿಕದ ಟಿ.ವಿ. ಮಾರುಕಟ್ಟೆ ಬಹುಕಾಲ ಬೆನ್ನು ತಿರುಗಿಸಿತ್ತು. ಸಂಭಾವನೆ ಹುಟ್ಟುತ್ತಿದ್ದದ್ದು ಜಪಾನ್, ಮೆಕ್ಸಿಕೊ, ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್‌ಗಳಲ್ಲಿ. ಈ ಕೊರತೆಯನ್ನು ಎಎಲ್‌ಎ ಪ್ರಮೋಷನ್ಸ್ ಮತ್ತು ಎಬಿಎಸ್–ಸಿಬಿಎನ್ ಸೇರಿ ನಡೆಸಿದ ‘ಪಿನೊಯ್ ಪ್ರೈಡ್’ ಪಂದ್ಯಸರಣಿ ಸ್ವಲ್ಪಮಟ್ಟಿಗೆ ತುಂಬಿತು. ಅದರಿಂದ ನಿಯೆಟೆಸ್ ಪಟ್ಟದ ಪಂದ್ಯಗಳನ್ನು ಹೆಚ್ಚಾಗಿ ಸ್ವದೇಶದಲ್ಲೇ ಆಡಲು, ವರ್ಷಕ್ಕೆ ಎರಡು ಮೂರು ಬಾರಿ ರಿಂಗ್‌ಗೆ ಇಳಿಯಲು ಸಾಧ್ಯವಾಯಿತು. ಎದುರಾಳಿಗಳನ್ನು ತನ್ನ ಊರಿಗೇ ಕರೆಸಿಕೊಳ್ಳುವ ಚಾಂಪಿಯನ್ ಹೊರಜಗತ್ತಿಗೆ ತಡವಾಗಿ ಪರಿಚಯವಾಗುತ್ತಾನೆ ಎಂಬುದು ಈ ವ್ಯವಸ್ಥೆಯ ಇನ್ನೊಂದು ಮುಖ.

ಮೌಲ್ಯಮಾಪನ

ನಿಯೆಟೆಸ್ ಮೇಲಿನ ಮುಖ್ಯ ಟೀಕೆ ಎದುರಾಳಿಗಳ ಆಯ್ಕೆಯ ಬಗ್ಗೆ. ಅವರು ಮಿನಿಮಮ್‌ವೇಟ್, ಲೈಟ್ ಫ್ಲೈವೇಟ್‌ಗಳಲ್ಲಿದ್ದ ವರ್ಷಗಳಲ್ಲೇ ನಿಕರಾಗುವಾದ ರೋಮನ್ ಗೊನ್ಜಾಲೆಜ್ ಅದೇ ತೂಕಗಳಲ್ಲಿ ಡಬ್ಲ್ಯುಬಿಎ ಚಾಂಪಿಯನ್ ಆಗಿದ್ದರು. ಮೆಕ್ಸಿಕೊದ ಹುವಾನ್ ಫ್ರಾನ್ಸಿಸ್ಕೊ ಎಸ್ಟ್ರಾಡಾ ಪಕ್ಕದ ತೂಕದಲ್ಲಿ ಬೆಳೆಯುತ್ತಿದ್ದರು. ಇವರಿಬ್ಬರ ಜತೆಗೂ ನಿಯೆಟೆಸ್ ಪಂದ್ಯ ನಡೆಯಲಿಲ್ಲ. ಯಾವ ತೂಕದಲ್ಲೂ ಎರಡು ಸಂಸ್ಥೆಗಳ ಪಟ್ಟವನ್ನು ಅವರು ಒಟ್ಟಿಗೆ ಹಿಡಿಯಲಿಲ್ಲ. ನಾಲ್ಕು ತೂಕಗಳ ನಡುವಿನ ಅಂತರ ಹತ್ತು ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಮಾತ್ರ ಎನ್ನುವವರೂ ಇದ್ದಾರೆ.

ಮೊದಲ ಎರಡು ಮಾತುಗಳಲ್ಲಿ ಹುರುಳಿದೆ. ಗೊನ್ಜಾಲೆಜ್ ಪಂದ್ಯ ನಡೆದಿದ್ದರೆ ನಿಯೆಟೆಸ್ ಅವರ ಸ್ಥಾನ ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಮೂರನೆಯ ಮಾತು ಮಾತ್ರ ಲೆಕ್ಕದಲ್ಲಿ ಸರಿ, ಅನುಭವದಲ್ಲಿ ತಪ್ಪು. ನಲವತ್ತೇಳು ಕಿಲೋದ ಮನುಷ್ಯನಿಗೆ ನಾಲ್ಕೂವರೆ ಕಿಲೋ ಎಂದರೆ ಮೈತೂಕದ ಹತ್ತನೇ ಒಂದು ಪಾಲು. ಅಷ್ಟನ್ನು ಏರಿಸಿಕೊಂಡು, ಮೂವತ್ತಾರನೇ ವಯಸ್ಸಿನಲ್ಲಿ, ಇಯೊಕಾ ಅಂಥ ಚಾಂಪಿಯನ್ನನನ್ನು ಸೋಲಿಸುವುದು ಹಗುರ ತೂಕಗಳ ಚರಿತ್ರೆಯಲ್ಲಿ ವಿರಳ. ಈ ತೂಕಗಳಲ್ಲಿ ಮೂವತ್ತು ದಾಟಿದ ಮೇಲೆ ವೇಗ ಕುಂದಿ ಬಹುಪಾಲು ಬಾಕ್ಸರ್‌ಗಳು ಮರೆಯಾಗುತ್ತಾರೆ. ನಿಯೆಟೆಸ್ ತಮ್ಮ ಮೂರನೇ ಮತ್ತು ನಾಲ್ಕನೇ ಪಟ್ಟ ಗೆದ್ದದ್ದೇ ಆ ವಯಸ್ಸಿನಲ್ಲಿ.

ಅವರು ತೆರೆದ ದಾರಿಯಲ್ಲಿ ಬಂದವರೂ ಇದ್ದಾರೆ. ಎಎಲ್‌ಎ ಜಿಮ್‌ನಲ್ಲೇ ಪಳಗಿದ ಮೆಲ್ವಿನ್ ಜೆರುಸಲೇಮ್ 2023ರ ಜನವರಿಯಲ್ಲಿ ಒಸಾಕಾದಲ್ಲಿ ಡಬ್ಲ್ಯುಬಿಒ ಮಿನಿಮಮ್‌ವೇಟ್ ಪಟ್ಟವನ್ನೂ, 2024ರ ಮಾರ್ಚ್‌ನಲ್ಲಿ ನಗೋಯಾದಲ್ಲಿ ಡಬ್ಲ್ಯುಬಿಸಿ ಪಟ್ಟವನ್ನೂ ಗೆದ್ದರು. ಇನ್ನೊಬ್ಬ ಫಿಲಿಪಿನೊ ಪೆಡ್ರೊ ತಡುರನ್ 2024ರ ಜುಲೈನಲ್ಲಿ ಜಪಾನ್‌ನಲ್ಲೇ ಐಬಿಎಫ್ ಮಿನಿಮಮ್‌ವೇಟ್ ಪಟ್ಟವನ್ನು ಎರಡನೇ ಬಾರಿ ಪಡೆದರು. ಹಗುರ ತೂಕಗಳಲ್ಲಿ ಫಿಲಿಪ್ಪೀನ್ಸ್‌ನ ಪರಂಪರೆ ಪಾಂಚೊ ವಿಲ್ಲಾ ಅವರಿಂದ ಇಂದಿನವರೆಗೆ ಕಡಿಯದೆ ಬಂದಿದೆ. ಆ ಪರಂಪರೆಯಲ್ಲಿ ಪಾಕಿಯಾವೊ ಅತ್ಯಂತ ಪ್ರಸಿದ್ಧರು. ಆದರೆ ಸೂಪರ್ ಫ್ಲೈವೇಟ್‌ ಮತ್ತು ಅದಕ್ಕಿಂತ ಕೆಳಗಿನ ನಾಲ್ಕು ತೂಕಗಳನ್ನೇ ತಮ್ಮ ಕರ್ಮಭೂಮಿ ಮಾಡಿಕೊಂಡು ನಾಲ್ಕರಲ್ಲೂ ವಿಶ್ವಪಟ್ಟ ಗೆದ್ದ ಮೊದಲ ಫಿಲಿಪಿನೊ ಡಾನಿ ನಿಯೆಟೆಸ್.